ನಾಲ್ಕನೇ ಸ್ವಿಚ್ಚು

ಹಲ್ಲಿನ ಡಾಕ್ಟರಿಗೆ ಗಿಟಾರು ಯಾಕೆ? ಎಲೆ ಅಡಿಕೆಯ ಕವಳ ಹಾಕುವವರು ಇರುವ ತನಕ ಶಿರಸಿಯಲ್ಲಿ ಆ ಕಸುಬಿಗೆ ಸಾವಿಲ್ಲ. ಬೆಳಗ್ಗೆಯಿಂದ ಸಂಜೆಯ ತನಕ ಜನರ ಬಾಯಿಗೆ ಕೈ ಹಾಕಿಕೊಂಡು ನೆಮ್ಮದಿಯಾಗಿ ಇರಬಹುದಾದ ಮನುಷ್ಯ ನಮ್ಮ ತಂಡಕ್ಕೆ ಯಾಕೆ ಕೈ ಹಾಕಬೇಕು? ಇದನ್ನೇ ನಾನು ಸದಾಶಿವನನ್ನು ಕೇಳಿದೆ.

"ಜನಕ್ಕೆ ಹೊಸತು ಬೇಕು ಮಂಜಣ್ಣ," ಎಂದ ಅವನು. "ನೀ ಬ್ಯಾಜಾರು ಮಾಡ್ಕಬೇಡ."

ಸದಾಶಿವ ನಮ್ಮ ರಸಮಂಜರಿ ತಂಡದ ಯಜಮಾನ. ಸಿದ್ದಾಪುರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಸತ್ತವರ ಶ್ರದ್ಧಾಂಜಲಿಗೂ ಗೆದ್ದವರ ಅಭಿನಂದನೆಗೂ ಒಂದೇ ಹೂವಿನ ಅಂಚು ಹಾಕಿ ಕೊಡುವ ಪುಣ್ಯಾತ್ಮ. ಸಂಗೀತದಲ್ಲಿ ಅವನಿಗೆ ತಿಳಿಯುವುದು ಎರಡೇ ವಿಷಯ: ಜೋರಾಗಿ ಕೇಳುತ್ತಿದೆಯೋ ಇಲ್ಲವೋ, ಎದುರಿನ ಕುರ್ಚಿಗಳು ತುಂಬಿವೆಯೋ ಇಲ್ಲವೋ. ಇಂಥವನ ಕೈಕೆಳಗೆ ನಾನು ಇಪ್ಪತ್ತೆರಡು ವರ್ಷ ಗಿಟಾರು ನುಡಿಸಿದ್ದೇನೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಸುಮ್ಮನಿದ್ದು ನುಡಿಸಿದ್ದೇನೆ.

ನಾನು ಮೂಲತಃ ಮನ್ಮನೆಯವನು. ಶಿರಸಿಯಲ್ಲಿ ಪಂಪ್‌ಸೆಟ್ಟಿನ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ನಡೆಸುತ್ತೇನೆ. ವಾರದ ಆರು ದಿನ ಸುಟ್ಟ ತಾಮ್ರದ ತಂತಿ ಕಿತ್ತು ಹೊಸ ತಂತಿ ಸುತ್ತುವುದು ನನ್ನ ಕೆಲಸ. ಅಂಗಡಿಗೆ ಬರುವವರಿಗೆ ನಾನು "ಏ ಮೋಟಾರು". ಹೆಸರು ಹಿಡಿದು ಕರೆಯುವಷ್ಟು ತಾಳ್ಮೆ ಯಾರಿಗೂ ಇಲ್ಲ. ವೇದಿಕೆಯ ಎಡಗಡೆ, ಕೀಬೋರ್ಡಿನ ಪಕ್ಕದ ಆ ಒಂದು ಜಾಗದಲ್ಲಿ ಕೂತಾಗ ಮಾತ್ರ ನಾನು ಮಂಜಪ್ಪ. ಗಾಯಕಿ ಮಮತಾ ಹಾಡು ಮುಗಿಸಿ ನನ್ನ ಕಡೆ ಕೈ ತೋರಿಸಿ "ಗಿಟಾರಿನಲ್ಲಿ ಮಂಜಪ್ಪ ಅವರು" ಎಂದು ಮೈಕಿನಲ್ಲಿ ಹೇಳುವಾಗ ಎದೆ ಉಬ್ಬುತ್ತದೆ. ನಲವತ್ತೊಂಬತ್ತನೇ ವಯಸ್ಸಿನಲ್ಲೂ ಉಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ.

ಆ ಜಾಗದ ಮೇಲೆ ಕಣ್ಣು ಬಿದ್ದದ್ದು ಡಾಕ್ಟರ್ ಚಿರಂತನನದು. ಇಪ್ಪತ್ತೊಂಬತ್ತು ವಯಸ್ಸು. ದೇವಿಕೆರೆಯ ಹತ್ತಿರ ಗಾಜಿನ ಬಾಗಿಲಿನ ಕ್ಲಿನಿಕ್ಕು. ಓದುವಾಗ ಕಾಲೇಜಿನ ಬ್ಯಾಂಡಿನಲ್ಲಿ ನುಡಿಸುತ್ತಿದ್ದನಂತೆ. ಎದುರಿಗೆ ನಾನೂ "ಡಾಕ್ಟ್ರೇ" ಎನ್ನುತ್ತೇನೆ. ಇಲ್ಲಿ ಬರೆಯುತ್ತಿರುವವನು ನಾನಾದ್ದರಿಂದ ಅವನು ಎಂದೇ ಬರೆಯುತ್ತೇನೆ. ಅವನ ಕ್ಲಿನಿಕ್ಕಿಗೆ ಹಲ್ಲು ತೋರಿಸಲು ಹೋದ ಸದಾಶಿವ, ಹಲ್ಲು ಕೊಟ್ಟು ಗಿಟಾರಿಸ್ಟನನ್ನು ತಂದ.

"ಯಲ್ಲಾಪುರದ್ದೊಂದು ಕಾರ್ಯಕ್ರಮ ಅವ್ರು ನುಡಿಸ್ಲಿ," ಎಂದ ಸದಾಶಿವ. "ಹೆಂಗಾಗ್ತದೆ ನೋಡಿ, ಈ ವರ್ಷ ಯಾರು ಅಂತ ತೀರ್ಮಾನ ಮಾಡನ. ಇಬ್ರು ಗಿಟಾರಿನವ್ರನ್ನ ಕಟ್ಕಂಡು ತಿರುಗೂಕೆ ಆಗೂದಿಲ್ಲ."

ಅಂದರೆ ವಿಷಯ ಇಷ್ಟು: ಯಲ್ಲಾಪುರದಲ್ಲಿ ಅವನು ಗೆದ್ದರೆ ನಾನು ಖಾಯಂ ಮೋಟಾರು.

ಅವನು ನುಡಿಸುವುದನ್ನು ಮೊದಲ ಸಲ ಕೇಳಿದಾಗ ನನಗೆ ಭಯವೇನೂ ಆಗಲಿಲ್ಲ. ಬೆರಳು ಚುರುಕಾಗಿಯೇ ಇತ್ತು, ಆದರೆ ಒಂದೊಂದು ಸ್ವರವನ್ನೂ ಇಂಜೆಕ್ಷನ್ ಕೊಡುವ ಹಾಗೆ ಜಾಗ ನೋಡಿ ಚುಚ್ಚುತ್ತಿದ್ದ. ಭಯವಾಗಿದ್ದು ಅವನ ಕಾಲ ಬುಡದಲ್ಲಿದ್ದ ಪೆಟ್ಟಿಗೆ ನೋಡಿ. ನಮ್ಮಲ್ಲಿ ಅದನ್ನು ಪ್ರೊಸೆಸರ್ ಎನ್ನುತ್ತಾರೆ. ಒಂದು ಮೊಳ ಉದ್ದದ ಕಪ್ಪು ಲೋಹದ ಹಲಗೆ, ಅದರ ಮೇಲೆ ಕಾಲಲ್ಲಿ ಒತ್ತುವ ಎಂಟು ಸ್ವಿಚ್ಚು, ಎರಡು ಸಾಲು. ಪ್ರತಿ ಸ್ವಿಚ್ಚಿನ ಸುತ್ತ ಬಣ್ಣದ ದೀಪದ ಬಳೆ, ಮೇಲೆ ಹೆಸರು ತೋರಿಸುವ ಬೆರಳಗಲದ ಪರದೆ. ಪರದೇಶದ ದೊಡ್ಡ ದೊಡ್ಡ ಆಂಪ್ಲಿಫೈಯರುಗಳ ಧ್ವನಿಯನ್ನು ಲೆಕ್ಕ ಹಾಕಿ ನಕಲು ಮಾಡುತ್ತದಂತೆ. ನನ್ನ ಹತ್ತಿರ ಇದ್ದದ್ದು ಧ್ವನಿ ಬದಲಿಸುವ ಮೂರು ಹಳೇ ಡಬ್ಬಿ. ಅದರಲ್ಲೊಂದನ್ನು ಮೂರು ಸಲ ಬೆಸುಗೆ ಹಾಕಿ ಬದುಕಿಸಿದ್ದೆ.

ಅಷ್ಟು ದೊಡ್ಡ ಯಂತ್ರ ಇಟ್ಟುಕೊಂಡು ಆ ಮನುಷ್ಯ ಅದನ್ನು ಅಂಗಡಿಯಿಂದ ಬಂದ ಹಾಗೇ ಇಟ್ಟಿದ್ದ! ಸಾದಾ ಧ್ವನಿಯಿಂದ ಹರಕು ಧ್ವನಿಗೆ ಹೋಗಲು ಏಳು ಸಲ ಒತ್ತಬೇಕು, ವಾಪಸು ಬರಲು ಮತ್ತೆ ಏಳು. ಹಾಡಿನ ನಡುವೆ ತಕತಕ ತುಳಿಯುತ್ತ, ತಲೆ ಬಗ್ಗಿಸಿ ಪರದೆ ಓದುತ್ತ, ಮಮತಾ ಚರಣ ಶುರು ಮಾಡಿದರೂ ಇವನು ಇನ್ನೂ ಕುಣಿಯುತ್ತಲೇ ಇರುತ್ತಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನಿಗೆ ಆ ಕೊಡೆ ಬಿಡಿಸಲೂ ಬರುತ್ತಿರಲಿಲ್ಲ.

"ಇದ್ರ ಸ್ವಿಚ್ಚೆಲ್ಲ ನಮಗೆ ಬೇಕಾದಂಗೆ ಜೋಡಿಸ್ಕಬಹುದು ಮಂಜಣ್ಣ," ಎಂದ. "ಮ್ಯಾನುಯಲ್ ಓದೂಕೆ ನಂಗೆ ಪುರ್ಸೊತ್ತೇ ಆಗ್ತಿಲ್ಲೆ."

"ಮಂಜಣ್ಣ ಇದ್ದಾನಲ್ಲ," ಎಂದ ಸದಾಶಿವ, ನನ್ನನ್ನು ಕೇಳದೆಯೇ. "ಅವ್ನಿಗೆ ಕರೆಂಟಿನ ಕೆಲ್ಸ ಎಲ್ಲಾ ಬರ್ತದೆ."

ಕರೆಂಟಿನ ಕೆಲಸ! ನನ್ನ ಜಾಗಕ್ಕೆ ಬರುವವನಿಗೆ ನಾನೇ ಚಾಪೆ ಹಾಸಿ ಕೊಡಬೇಕು. ಆಗುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಬಹುದಿತ್ತು. ಹೇಳಲಿಲ್ಲ. ಆ ಪೆಟ್ಟಿಗೆಯೊಳಗೆ ಏನಿದೆ ಎಂದು ನೋಡುವ ಆಸೆ ನನಗಿತ್ತು. ಅಂಗಡಿಗೆ ತಂದಿಟ್ಟುಕೊಂಡೆ.

ಹನ್ನೊಂದು ದಿನ ಅದು ನನ್ನ ಹತ್ತಿರ ಇತ್ತು. ನಾಲ್ಕು ಮೋಟಾರು ಬಿಚ್ಚಿದಲ್ಲೇ ಬಿದ್ದಿದ್ದವು, ತೋಟದವರು ಬಂದು ಬೈದು ಹೋದರು. ನನಗೆ ಇಂಗ್ಲಿಷು ಕುಂಟುತ್ತದೆ, ಆದರೆ ಯಂತ್ರದ ಇಂಗ್ಲಿಷು ಅರ್ಥವಾಗುತ್ತದೆ. ಒಂದೊಂದು ಪುಟ ಓದಿ ಒಂದೊಂದು ಸ್ವಿಚ್ಚು ಜೋಡಿಸಿದೆ. ಕೆಳಗಿನ ಸಾಲು ಕಾಲಿಗೆ ಹತ್ತಿರ, ಅಲ್ಲಿ ಮುಖ್ಯವಾದ ನಾಲ್ಕು ಧ್ವನಿ. ಒಂದನೆಯದು ಸಾದಾ. ಎರಡನೆಯದು ಕುಣಿಯುವ ಹಾಡುಗಳಿಗೆ ಕಟಕಟ ತುಂಡಾಗುವ ಧ್ವನಿ. ಮೂರನೆಯದು ಹರಕು, ಗಲಾಟೆ ಹಾಡುಗಳಿಗೆ. ಮೇಲಿನ ಸಾಲಿನಲ್ಲಿ ಧ್ವನಿ ನಿಲ್ಲಿಸಿ ಶ್ರುತಿ ನೋಡುವುದು, ಧ್ವನಿ ಏರಿಸುವುದು, ಇಂಥವು. ಒಂದು ಸಲ ಒತ್ತಿದರೆ ಒಳಗೆ ಮೂರು ಕೆಲಸ ಒಟ್ಟಿಗೆ ಆಗುವ ಹಾಗೆ ಕಟ್ಟಿದೆ: ಹರಕು ನಿಲ್ಲಬೇಕು, ಪ್ರತಿಧ್ವನಿ ಶುರುವಾಗಬೇಕು, ಒಟ್ಟು ಸದ್ದು ಚೂರು ಏರಬೇಕು. ಈ ಕೆಲಸ ಡಾಕ್ಟರಿಂದ ಏಳು ಜನ್ಮಕ್ಕೂ ಆಗುತ್ತಿರಲಿಲ್ಲ. ಅವನಿಗೆ ಇದು ಬೇಕು ಎಂದೇ ಗೊತ್ತಿರಲಿಲ್ಲ.

ನಾಲ್ಕನೆಯದನ್ನು ನಾನು ಯಾರಿಗಾಗಿಯೂ ಮಾಡಲಿಲ್ಲ. ಗುಡ್ನಾಪುರದಲ್ಲಿ ನನ್ನ ದೊಡ್ಡಮ್ಮನ ಮನೆ. ಸಣ್ಣವನಿದ್ದಾಗ ಅಲ್ಲಿಯ ಕೆರೆ ದಂಡೆಯಲ್ಲಿ ಸಂಜೆ ಯಾರಾದರೂ ಎಮ್ಮೆಯನ್ನು ಕೂಗಿದರೆ ಆ ಕೂಗು ನೀರಿನ ಮೇಲೆ ಹೋಗಿ, ಸ್ವಲ್ಪ ಹೊತ್ತು ಎಲ್ಲಿಯೋ ನಿಂತು, ಆಮೇಲೆ ತುದಿ ಸವೆದುಕೊಂಡು ವಾಪಸು ಬರುತ್ತಿತ್ತು. ಗಿಟಾರು ಹಿಡಿದ ದಿನದಿಂದ ನಾನು ಆ ಧ್ವನಿ ಹುಡುಕುತ್ತಿದ್ದೆ. ನನ್ನ ಡಬ್ಬಿಗಳಲ್ಲಿ ಪ್ರತಿಧ್ವನಿ ಬರುತ್ತಿತ್ತು, ಆದರೆ ಹೋದ ಹಾಗೇ ವಾಪಸು ಬರುತ್ತಿತ್ತು, ಸವೆಯುತ್ತಿರಲಿಲ್ಲ. ಈ ಪೆಟ್ಟಿಗೆಯಲ್ಲಿ ಒಂಬತ್ತನೇ ದಿನ ಅದು ಸಿಕ್ಕಿತು. ಒಂದು ಸ್ವರ ನುಡಿಸಿ ಕೈ ಬಿಟ್ಟೆ, ಅದು ಹೋಯಿತು, ನಿಂತಿತು, ಬಂದಿತು. ನಾನು ಸ್ಟೂಲಿನ ಮೇಲೆ ಕೂತು ಅತ್ತೆ. ಅದರ ಪರದೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ಗುಡ್ನಾಪುರ ಎಂದು ಹೆಸರು ಕೊಟ್ಟೆ, ಬಳೆಗೆ ಹಸಿರು ಬಣ್ಣ ಕೊಟ್ಟೆ.

ಮರುದಿನ ಇನ್ನೊಂದು ವಿಷಯ ಗೊತ್ತಾಯಿತು. ಅಂಗಡಿಯೊಳಗೆ ನಾನು ಚಪ್ಪಲಿ ಹಾಕುವುದಿಲ್ಲ. ಅಲ್ಲಿಯ ತನಕ ಸ್ವಿಚ್ಚುಗಳನ್ನು ಒಂದೊಂದಾಗಿ ಕೈಬೆರಳಲ್ಲೇ ಒತ್ತಿ ನೋಡುತ್ತಿದ್ದವನು ಅವತ್ತು ಎದ್ದು ನಿಂತು ಬರಿಗಾಲಲ್ಲಿ ಒತ್ತಿದೆ. ಪರದೆ ತಲೆಕೆಟ್ಟಂತೆ ಏನೇನೋ ತೋರಿಸಿತು. ಪುಸ್ತಕ ತೆರೆದು ನೋಡಿದರೆ, ಆ ಸ್ವಿಚ್ಚುಗಳಿಗೆ ಒತ್ತುವುದಷ್ಟೇ ಅಲ್ಲ, ಚರ್ಮ ತಾಗಿದರೂ ಗೊತ್ತಾಗುತ್ತದೆ. ಕೈಬೆರಳು ತಾಗಿಸಿ ಜೋಡಣೆ ಬದಲಿಸಲಿ ಎಂದು ಮಾಡಿದ ಅನುಕೂಲ. ಎರಡು ಸ್ವಿಚ್ಚಿಗೆ ಒಟ್ಟಿಗೆ ಚರ್ಮ ತಾಗಿ ಎರಡು ಸೆಕೆಂಡು ಕಳೆದರೆ, ಇವೆರಡರ ಜಾಗ ಅದಲುಬದಲು ಮಾಡಲೇ ಎಂದು ಯಂತ್ರ ಕೇಳುತ್ತದೆ. ಇನ್ನೊಂದು ಸಲ ಒತ್ತಿದರೆ ಮಾಡಿಯೇ ಬಿಡುತ್ತದೆ. ಬೂಟು ಹಾಕಿ ನುಡಿಸುವ ದೇಶದವರಿಗೆ ಇದರಿಂದ ತೊಂದರೆಯಿಲ್ಲ. ನಮ್ಮಲ್ಲಿ ದೀಪ ಹಚ್ಚಿದ ವೇದಿಕೆಗೆ ಚಪ್ಪಲಿ ಹಾಕಿ ಹತ್ತಿದವರು ಯಾರೂ ಇಲ್ಲ.

ಚರ್ಮದ ಸ್ಪರ್ಶ ಗಣನೆಗೆ ತೆಗೆದುಕೊಳ್ಳಬೇಡ ಎಂದು ಹೇಳುವ ವ್ಯವಸ್ಥೆಯೂ ಒಳಗೆ ಇತ್ತು. ಅಲ್ಲಿ ಹೋಗಿ ಸ್ಪರ್ಶವನ್ನು ಬಂದ್ ಮಾಡಿದೆ. ಬರಿಗಾಲಲ್ಲಿ ತುಳಿದು ನೋಡಿದೆ, ಎಲ್ಲ ಸರಿ. ಅರ್ಧ ಗಂಟೆ ಗುಡ್ನಾಪುರ ನುಡಿಸಿದೆ. ಆಮೇಲೆ ಮತ್ತೆ ಒಳಗೆ ಹೋಗಿ, ಬಂದ್ ಮಾಡಿದ್ದನ್ನು ಮೊದಲಿದ್ದ ಹಾಗೇ ಚಾಲೂ ಮಾಡಿದೆ.

ನಾನು ಏನನ್ನೂ ಕೆಡಿಸಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಂಪನಿಯಿಂದ ಹೇಗೆ ಬಂದಿತ್ತೋ ಹಾಗೇ ಬಿಟ್ಟೆ, ಅಷ್ಟೇ. ಪುಸ್ತಕ ಓದದವನ ಹಣೆಬರಹಕ್ಕೆ ನಾನು ಹೊಣೆಯೇ?

ಅಭ್ಯಾಸ ನಡೆದದ್ದು ಕ್ಲಿನಿಕ್ಕಿನ ಮಹಡಿಯಲ್ಲಿ. ಡಾಕ್ಟರು ರೋಗಿಗಳನ್ನು ಮುಗಿಸಿ ಬೂಟು ಹಾಕಿಕೊಂಡೇ ಮೇಲೆ ಬರುತ್ತಿದ್ದ. ಒಂದೇ ತುಳಿತಕ್ಕೆ ಧ್ವನಿ ಬದಲಾಗುವುದನ್ನು ಕಂಡು ಮಕ್ಕಳ ಹಾಗೆ ನಕ್ಕ. ನಾಲ್ಕನೆಯದನ್ನು ಒತ್ತಿ ಒಂದು ಸ್ವರ ನುಡಿಸಿದವನು ಅದು ಪೂರ್ತಿ ಸವೆದು ಮುಗಿಯುವ ತನಕ ಅಲ್ಲಾಡಲಿಲ್ಲ.

"ಇದನ್ನ ಹೆಂಗೆ ಮಾಡಿದ್ರಿ?"

"ಪುಸ್ತಕದಲ್ಲೇ ಉಂಟು," ಎಂದೆ. ಪುಸ್ತಕದಲ್ಲಿ ಇರಲಿಲ್ಲ.

ಅವನ ಫೋನು ಬಡಿದುಕೊಂಡಿತು. "ಇಲ್ಲೆ ಆಯಿ, ಊಟಕ್ಕೆ ತಡ ಆಗ್ತು," ಎಂದು ಅಮ್ಮನಿಗೆ ಹೇಳಿ ಮತ್ತೆ ಅದೇ ಸ್ವರ ನುಡಿಸಿದ. ನನಗೆ ಮೈಯೆಲ್ಲ ಉರಿಯಿತು. ನನ್ನ ಕೆರೆಯಲ್ಲಿ ಇವನು ಕಾಲು ತೊಳೆಯುತ್ತಿದ್ದಾನೆ ಎಂದು ಅನ್ನಿಸಿತು.

ಯಲ್ಲಾಪುರದಲ್ಲಿ ಅದೊಂದು ಶಾಲೆಯ ಐವತ್ತನೇ ವರ್ಷದ ಸಮಾರಂಭ. ಮಧ್ಯಾಹ್ನ ಮೂರಕ್ಕೆ ಭಾಷಣ, ನಾಲ್ಕೂವರೆಗೆ ನಮ್ಮ ಹಾಡು. ಮೈದಾನದ ತುಂಬ ಹಳೇ ವಿದ್ಯಾರ್ಥಿಗಳು. ಊರು ಉದ್ಧಾರ ಮಾಡಿದವರ ಹಾಗೆ ಎಲ್ಲರ ಎದೆಯ ಮೇಲೂ ಬ್ಯಾಡ್ಜು. ವೇದಿಕೆಯ ಮೇಲೆ ಸರಸ್ವತಿಯ ಪಟ, ಕಾಲುದೀಪ. ಕೆಳಗೆ ಮೆಟ್ಟಿಲ ಬಳಿ ಚಪ್ಪಲಿಗಳ ರಾಶಿ.

ಡಾಕ್ಟರು ಅಲ್ಲಿ ಬೂಟು ಬಿಚ್ಚಿದ. ಒಳಗೆ ದಪ್ಪ ಕಪ್ಪು ಸಾಕ್ಸು. ಸಾಕ್ಸು ಇದ್ದರೆ ಚರ್ಮ ತಾಗುವುದಿಲ್ಲ ಎಂಬುದು ನನಗೆ ಆ ಕ್ಷಣಕ್ಕೇ ಹೊಳೆಯಿತು. ಹೊಳೆದ ಮೇಲೆ ಬಾಯಿ ತಾನಾಗಿ ತೆರೆಯಿತು.

"ಡಾಕ್ಟ್ರೇ, ಸಾಕ್ಸೂ ತೆಗ್ದ್ಬಿಡಿ. ಜಮಖಾನ ಹಾಸಿದಾರೆ, ಜಾರ್ತದೆ."

"ಹೌದೇನ? ಒಳ್ಳೇದಾತು ಹೇಳಿದ್ದು," ಎಂದು ಒಂದು ಕಾಲ ಮೇಲೆ ನಿಂತು ಸಾಕ್ಸು ಕಳಚಿ, ಮಡಿಸಿ ಬೂಟಿನೊಳಗೆ ಇಟ್ಟ. ವೇದಿಕೆ ಮುಟ್ಟಿ ಕಣ್ಣಿಗೊತ್ತಿಕೊಂಡು ಮೇಲೆ ಹತ್ತಿದ. ಅವನ ಹಿಮ್ಮಡಿ ಬಿಸಿಲು ಕಾಣದ ಬೆಳ್ಳಗಿನ ಹಿಮ್ಮಡಿ.

ನಾನು ಕೆಳಗೆ ಹನೀಫನ ಪಕ್ಕ ಕೂತೆ. ಹನೀಫ್ ಯಲ್ಲಾಪುರದವನೇ, ಧ್ವನಿವರ್ಧಕದವನು, ಹದಿನೈದು ವರ್ಷದಿಂದ ನಮ್ಮ ತಂಡಕ್ಕೆ ಅವನದೇ ಸೌಂಡು. ನನ್ನ ಗಿಟಾರು ಚೀಲದೊಳಗೆ ಕಾಲ ಬಳಿ ಇತ್ತು. ಬೇಕಾದೀತು ಎಂದು ತಂದಿದ್ದೆ. ಬೇಕಾಗುತ್ತದೆ ಎಂದು ಗೊತ್ತಿತ್ತು.

ಮೊದಲ ಹಾಡು ಪ್ರಾರ್ಥನೆ, ಒಂದನೇ ಸ್ವಿಚ್ಚೊಂದೇ ಸಾಕು. ಏನೂ ಆಗಲಿಲ್ಲ. ಎರಡನೇ ಹಾಡಿನಲ್ಲಿ ಅವನು ಎರಡು, ಮೂರು ಎಂದು ಬದಲಿಸತೊಡಗಿದ. ನಡುವೆ ಸುಮ್ಮನಿರುವಾಗ ಪಾದವನ್ನು ಮೂರು ಮತ್ತು ನಾಲ್ಕರ ಮೇಲೆ ಒರಗಿಸಿ ನಿಂತ. ದೀಪದ ಬಳೆಗಳು ಮಿಟುಕಿದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ಅವನು ಮತ್ತೆ ಒತ್ತಿದ. ಅಲ್ಲಿಗೆ ಮೂರಿದ್ದಲ್ಲಿ ನಾಲ್ಕು, ನಾಲ್ಕಿದ್ದಲ್ಲಿ ಮೂರು.

ಮೂರನೆಯದು ಮಮತಾಳ ಹಾಡು. ನಿಧಾನದ ಹಳೇ ಹಾಡು, ಪಲ್ಲವಿ ಆದ ಮೇಲೆ ಗಿಟಾರು ಒಂಟಿಯಾಗಿ ನುಡಿಯಬೇಕು. ಅವಳು ಪಲ್ಲವಿಯನ್ನು ಬಹಳ ಮೆತ್ತಗೆ ತಂದು ನಿಲ್ಲಿಸಿದಳು. ಡಾಕ್ಟರು ಕಣ್ಣು ಮುಚ್ಚಿ ನಾಲ್ಕನೆಯದನ್ನು ತುಳಿದು ಸ್ವರ ನುಡಿಸಿದ. ತಗಡು ಹರಿದ ಹಾಗೆ ಮೈದಾನ ತುಂಬ ಕಿರುಚಿತು. ಮಮತಾ ಬೆಚ್ಚಿ ಹಿಂದೆ ಸರಿದಳು. ಅವನು ಗಾಬರಿಯಲ್ಲಿ ಅಕ್ಕಪಕ್ಕ ಒತ್ತಿದ, ಒತ್ತಿದಷ್ಟೂ ಬರಿಗಾಲು ತಾಗಿ ಇನ್ನಷ್ಟು ಅದಲುಬದಲು. ಮೇಲಿನ ಸಾಲಿನ ಶ್ರುತಿಯ ಸ್ವಿಚ್ಚು ಎಲ್ಲಿಗೋ ಬಂದು ಧ್ವನಿಯೇ ಕಟ್ಟಾಯಿತು, ಮತ್ತೆ ಬಂತು, ಮತ್ತೆ ಕಿರುಚಿತು. ಬ್ಯಾಡ್ಜಿನವರು ನಗತೊಡಗಿದರು.

ನನಗೆ ಸಂತೋಷವಾಯಿತು. ಒಳ್ಳೇ ಊಟ ಮಾಡಿದಂಥ ಸಂತೋಷ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇವನಿಗೆ ಹಾಗೆ ಹೇಳಲೂ ಬಾಯಿಲ್ಲ.

ಆಗ ಹನೀಫ್ ನನ್ನ ಕಡೆ ತಿರುಗಿದ. "ಇದೆಂತಾ ಸೌಂಡು ಮಾರಾಯ್ರೆ? ನೀವೇ ಅಲ್ವಾ ಸೆಟ್ ಮಾಡಿ ಕೊಟ್ಟಿದ್ದು?"

"ಹೌದು," ಎಂದೆ.

"ಹಿಂಗಾ ಮಾಡೂದು! ಇದಕ್ಕಿಂತ ನಿಮ್ಮ ಹಳೇ ಡಬ್ಬಿ ಬೇಕು."

ವೇದಿಕೆಯ ಅಂಚಿನಿಂದ ಸದಾಶಿವ ನನಗೆ ಕೈ ಬೀಸಿ ಕರೆದ. ಗಿಟಾರು ತಗೊಂಡು ಬಾ ಎಂದು ಬೆರಳಲ್ಲೇ ತಂತಿ ಮೀಟಿ ತೋರಿಸಿದ. ಅಲ್ಲಿಗೆ ನಾನು ಗೆದ್ದಿದ್ದೆ. ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಮಾಡಬೇಕಾದದ್ದು ಇಷ್ಟೇ: ಡಾಕ್ಟರ ಪೆಟ್ಟಿಗೆಯಿಂದ ವೈರು ಕಿತ್ತು ನನ್ನ ಡಬ್ಬಿಗೆ ಸಿಕ್ಕಿಸುವುದು. ಕೀಬೋರ್ಡಿನವನು ಏನೋ ನುಡಿಸುತ್ತ ಹೊತ್ತು ತಳ್ಳುತ್ತಿದ್ದ. ನಾನು ಮಂಡಿಯೂರಿ ವೈರಿಗೆ ಕೈ ಹಾಕಿದೆ.

ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಗುಡ್ನಾಪುರ ಎಂಬ ಹೆಸರು ಇರಬಾರದ ಜಾಗದಲ್ಲಿ ಮಿಟುಕುತ್ತಿತ್ತು. ಎಂಟುನೂರು ಜನ ಅದನ್ನು ಕೇಳಬಹುದಿತ್ತು. ಬದಲಿಗೆ ಅದು ಇರಬೇಕಾದ ಸ್ವಿಚ್ಚನ್ನು ಒತ್ತಿದಾಗ ತಗಡು ಹರಿದದ್ದನ್ನು ಕೇಳಿ ನಕ್ಕಿದ್ದರು, ಹನೀಫನೂ ಹೀಯಾಳಿಸಿದ್ದ. ನನ್ನನ್ನು ಮೋಟಾರು ಎಂದರೆ ತಡೆದುಕೊಳ್ಳುತ್ತೇನೆ. ಅದಕ್ಕೆ ನಕ್ಕಿದ್ದು ನನ್ನಿಂದ ತಡೆಯಲಾಗಲಿಲ್ಲ. ನನ್ನ ಬೆರಳು ವೈರು ಬಿಟ್ಟು ಒಳಗಿನ ಪುಟಗಳಿಗೆ ಹೋಯಿತು. ಗುಂಡಿ ಮೂರು ಸಲ ತಿರುಗಿಸಿ, ಚರ್ಮದ ಸ್ಪರ್ಶ ಬಂದ್. ಆಮೇಲೆ ಒಳಗೆ ಉಳಿಸಿಟ್ಟಿದ್ದ ಜೋಡಣೆಯನ್ನು ಮತ್ತೆ ಕರೆದೆ. ಎಂಟೂ ಸ್ವಿಚ್ಚು ಅವುಗಳ ಜಾಗಕ್ಕೆ ಬಂದವು. ಹತ್ತು ಸೆಕೆಂಡಿನ ಕೆಲಸ. ಹುಡುಕಲಿಲ್ಲ, ತಡಕಾಡಲಿಲ್ಲ, ಒಂದು ಸಲವೂ ತಪ್ಪಲಿಲ್ಲ.

ತಲೆ ಎತ್ತಿದರೆ ಡಾಕ್ಟರು ನನ್ನ ಬೆರಳನ್ನೇ ನೋಡುತ್ತಿದ್ದ. ಆಮೇಲೆ ತನ್ನ ಪಾದ ನೋಡಿಕೊಂಡ. ಆಮೇಲೆ ಮೆಟ್ಟಿಲ ಕೆಳಗಿನ ಬೂಟು. ಅವನು ದಡ್ಡನಲ್ಲ, ಪುಸ್ತಕ ಓದಲು ಸೋಮಾರಿತನ ಅಷ್ಟೇ.

"ನಾಲ್ಕನೇದು ಒತ್ತಿ," ಎಂದೆ.

ಒತ್ತಿದ. ಮಮತಾ ಪಲ್ಲವಿಯ ಕೊನೆಯ ಸಾಲನ್ನು ಮತ್ತೆ ಎತ್ತಿಕೊಂಡಳು. ಅವಳು ಬಿಟ್ಟಲ್ಲಿಂದ ಗಿಟಾರು ಹೊರಟಿತು. ಹನೀಫನ ದೊಡ್ಡ ಪೆಟ್ಟಿಗೆಗಳಿಂದ ಅದು ಮೈದಾನದ ಮೇಲೆ ಹೋಗಿ, ನಿಂತು, ಸವೆದು ವಾಪಸು ಬಂತು. ಮೂರನೇ ಸ್ವರಕ್ಕೆ ಮೈದಾನ ಸುಮ್ಮನಾಯಿತು. ಡಾಕ್ಟರು ಈ ಸಲ ಚುಚ್ಚಲಿಲ್ಲ. ಒಂದು ಸ್ವರ ಮುಗಿಯುವ ತನಕ ಕಾದು ಇನ್ನೊಂದು ನುಡಿಸಿದ. ಚೆನ್ನಾಗಿಯೇ ನುಡಿಸಿದ, ಇದನ್ನು ಬರೆಯುವುದು ನನಗೆ ಕಷ್ಟ. ನಾನು ಅಲ್ಲೇ ವೇದಿಕೆಯ ಮೂಲೆಯಲ್ಲಿ ಮಂಡಿಯೂರಿಕೊಂಡೇ ಇದ್ದೆ. ಹಾಡು ಮುಗಿದಾಗ ಮಮತಾ ಕೈ ತೋರಿಸಿ "ಗಿಟಾರಿನಲ್ಲಿ ಡಾಕ್ಟರ್ ಚಿರಂತನ ಅವರು" ಎಂದಳು. ಅಷ್ಟು ದೊಡ್ಡ ಚಪ್ಪಾಳೆ ನನ್ನ ಇಪ್ಪತ್ತೆರಡು ವರ್ಷದಲ್ಲಿ ನಾನು ಕೇಳಿಲ್ಲ.

ಕಾರ್ಯಕ್ರಮ ಮುಗಿದು ಸಾಮಾನು ಕಟ್ಟುತ್ತಿದ್ದುದು ಏಳನೇ ತರಗತಿಯ ಕೋಣೆಯಲ್ಲಿ. ಸದಾಶಿವ ಓಡಿಬಂದ.

"ಡಾಕ್ಟ್ರೇ, ನಡುವೆ ಎಂತಾ ಆಗಿತ್ತು ಅದು?"

ನಾನು ಬೆಂಚಿನ ಅಂಚು ಹಿಡಿದುಕೊಂಡೆ. ಈಗ ಹೇಳುತ್ತಾನೆ, ಸಾಕ್ಸಿನ ಮಾತೂ ಬರುತ್ತದೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ.

"ನಂದೇ ತಪ್ಪು," ಎಂದ ಡಾಕ್ಟರು. "ಬರಿಗಾಲು ತಾಗಿದ್ರೆ ಹಂಗಾಗ್ತದೆ. ನಾ ಓದ್ಕಳ್ಳೆಕಾಗಿತ್ತು. ಮಂಜಣ್ಣ ಬರದಿದ್ರೆ ಮಾನ ಹೋಗ್ತಿತ್ತು."

"ಮಾನ ಎಂತದು, ಜನ ಹುಚ್ಚಾಗಿದಾರೆ! ಈ ವರ್ಷ ಪೂರಾ ನೀವೇ."

"ಇಲ್ಲ ಸದಾಶಿವಣ್ಣ. ಕ್ಲಿನಿಕ್ ಬಿಟ್ಟು ಬರೂಕೆ ಆಗೂದಿಲ್ಲ. ಮಂಜಣ್ಣನೇ ಇರ್ಲಿ."

ಸದಾಶಿವ ಗೋಗರೆದ, ಮುಖ ಊದಿಸಿದ, ಕೊನೆಗೆ ನನ್ನ ಭುಜ ತಟ್ಟಿ "ಮತ್ತೆ ನೀನೇ ಆದೆ ನೋಡು" ಎಂದು ಹೊರಗೆ ಹೋದ. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಡಾಕ್ಟರು ಪ್ರೊಸೆಸರನ್ನು ಬೆಂಚಿನ ಮೇಲೆ ಇಟ್ಟು ಕರೆಂಟು ಕೊಟ್ಟ. ಎಂಟೂ ಬಳೆ ಹೊತ್ತಿಕೊಂಡವು.

"ಎಷ್ಟು ದಿನದಿಂದ ಗೊತ್ತಿತ್ತು?" ಎಂದು ಕೇಳಿದ. ದನಿ ಏರಿಸಲಿಲ್ಲ.

"ಹತ್ತನೇ ದಿನ ಗೊತ್ತಾತು."

"ಸಾಕ್ಸು?"

"ಅದು ಅಲ್ಲೇ ಹೊಳೀತು."

ತಲೆ ಆಡಿಸಿದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ, ಇಪ್ಪತ್ತೆರಡು ವರ್ಷದ ಲೆಕ್ಕ ಒಪ್ಪಿಸುತ್ತಿದ್ದೆ. ಅವನು ಬೈಯಲಿಲ್ಲ. ಜನರ ಬಾಯಿ ತೆರೆಸಿ ಹುಳುಕು ನೋಡಿ ಅಭ್ಯಾಸವಿದ್ದವನು, ನನ್ನದನ್ನೂ ಹಾಗೇ ನೋಡಿದ.

"ನೀವೆಲ್ಲ ಹೋದ್ಮೇಲೆ ಆ ನಾಲ್ಕನೇದನ್ನ ನಾ ಮಹಡೀಲಿ ದಿನಾ ಹಾಕ್ಕಂಡು ಕೂರ್ತಿದ್ದೆ," ಎಂದ. "ಇನ್ನು ಹಾಕಿದ್ರೆ ನಿಮ್ಮ ನೆನಪಾಗ್ತದೆ. ನಂಗೆ ಬೇಡ. ಎಲ್ಲಾ ಅಳಿಸ್ತೇನೆ. ನೀವು ಬರ್ಕಂಡಿದ್ರಾ?"

"ಇಲ್ಲ."

"ಹಂಗಾದ್ರೆ ಬರ್ಕಳಿ. ನಾ ಕಾಯ್ತೇನೆ." ಜೇಬಿನಿಂದ ಪೆನ್ನು ತೆಗೆದು, ಕ್ಲಿನಿಕ್ಕಿನ ಹೆಸರಿನ ಚೀಟಿಯೊಂದನ್ನು ಹರಿದು ನನ್ನ ಮುಂದಿಟ್ಟ.

ಆ ಧ್ವನಿಯ ಜೋಡಣೆಯೆಂದರೆ ನಲವತ್ತು ಅಂಕಿ ಇರಬಹುದು, ಬರೆಯಲು ಹೆಚ್ಚೆಂದರೆ ಹತ್ತು ನಿಮಿಷ. ಮುಂದೆಂದಾದರೂ ಅಂಥ ಪೆಟ್ಟಿಗೆ ಕೈಗೆ ಸಿಕ್ಕರೆ ಬೇಕಾಗುತ್ತಿತ್ತು, ಆ ಚೀಟಿ ತೆಗೆದುಕೊಳ್ಳಬೇಕಿತ್ತು. ಆದರೆ ಅವನ ಪೆನ್ನಿನಲ್ಲಿ, ಅವನ ಎದುರು ತಲೆ ಬಗ್ಗಿಸಿ, ಅವನು ಕಾಯುತ್ತಿರುವಾಗ ಬರೆಯಬೇಕೇ? ಅದೂ ಒಬ್ಬ ಹಲ್ಲು ಕೀಳುವವನ ಎದುರು?

"ಬೇಡ," ಎಂದೆ. "ಅಂಥದ್ದು ನಾ ಹತ್ತು ಮಾಡ್ತೆ."

"ನಿಮ್ಮಿಷ್ಟ," ಎಂದ. ಎರಡು ಸ್ವಿಚ್ಚನ್ನು ಬೆರಳಲ್ಲಿ ಒತ್ತಿ ಹಿಡಿದು, ಬಂದ್ ಮಾಡಿ, ಮತ್ತೆ ಚಾಲೂ ಮಾಡಿದ. ಪರದೆಗಳ ಮೇಲೆ ಹೆಸರುಗಳು ಹೋಗಿ ಅಂಗಡಿಯಿಂದ ಬಂದಾಗ ಇದ್ದ ಅಂಕಿಗಳು ಬಂದವು. ನಾಲ್ಕನೆಯದರ ಬಳೆ ಬೆಳ್ಳಗಾಯಿತು. ಅವನು ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿ, "ಬರ್ತೇನೆ ಮಂಜಣ್ಣ" ಎಂದು ಹೇಳಿಯೇ ಹೋದ. ನನ್ನನ್ನು ಅಣ್ಣ ಎನ್ನುವುದನ್ನು ಕೊನೆಗೂ ಬಿಡಲಿಲ್ಲ, ಅದೇ ನನಗೆ ತಡೆಯಲಾಗದ್ದು.

ಈ ವರ್ಷದ ಎಲ್ಲ ಕಾರ್ಯಕ್ರಮಗಳೂ ನನ್ನವೇ. ನನ್ನ ಜಾಗದಲ್ಲಿ ನಾನೇ ಕೂರುತ್ತೇನೆ. ಮೂರು ಡಬ್ಬಿಗಳನ್ನು ಬಿಚ್ಚಿ, ಜೋಡಿಸಿ, ಹೊಸ ಕೆಪಾಸಿಟರ್ ಹಾಕಿ ನೋಡಿದ್ದೇನೆ. ಪ್ರತಿಧ್ವನಿ ಬರುತ್ತದೆ. ಹೋದ ಹಾಗೇ ವಾಪಸು ಬರುತ್ತದೆ.

ಮೊನ್ನೆ ಬನವಾಸಿಯಲ್ಲಿ ಕಾರ್ಯಕ್ರಮವಿತ್ತು. ಹಾಡು ಶುರುವಾಗುವ ಮುಂಚೆ ಮಮತಾ ಮೈಕಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ಬಾಗಿದಳು.

"ಮಂಜಣ್ಣ, ಯಲ್ಲಾಪುರದಲ್ಲಿ ಬಂದಿತ್ತಲ್ಲ, ಆ ಸೌಂಡು ಹಾಕಿ. ಅದ್ರ ಮೇಲೆ ಹಾಡೂಕೆ ಎಷ್ಟು ಚೆನ್ನಾಗಿತ್ತು."

ನಾನು ಮಾಡಿದ್ದು ಎನ್ನಲು ಬಾಯಿ ತೆರೆದೆ. ಹಾಗಾದರೆ ಹಾಕಿ ಎನ್ನುತ್ತಿದ್ದಳು.

"ಅದು ಡಾಕ್ಟ್ರದ್ದು," ಎಂದೆ.